ಬಟಾಣಿ ಬಿಡಿಸುತ್ತ ಕಲಿತ ಪದ

ಕನ್ಯಾಮಠದ ಅಡುಗೆಮನೆ, ವಿತೆರ್ಬೊ ಸೀಮೆ
20 ಮಾರ್ಚ್ 1958, ಗುರುವಾರ

ಪ್ರೀತಿಯ ತಂಗಿ ಸಿಸ್ಟರ್ ಲುಚಿಲ್ಲಾಗೆ,

ಯೇಸುವಿನ ಶಾಂತಿ ನಿನ್ನ ಜೊತೆಗಿರಲಿ. ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಚಳಿಗೆ ಬೆರಳು ಒಡೆದಿದ್ದವು ಎಂದು ನೆಪ ಹೇಳಬಹುದು. ಆದರೆ ಅವು ವಾಸಿಯಾಗಿ ತಿಂಗಳಾಯಿತು.

ನಿನ್ನೆ ಸಂತ ಜೋಸೆಫರ ಹಬ್ಬ. ಅಕ್ಕಿ ಉಂಡೆ ಕರಿದೆ. ಬಾಗಿಲು ಕಾಯುವ ಸಿಸ್ಟರ್ ಪ್ರಿಸ್ಕಾ ಒಂಬತ್ತು ತಿಂದು, "ಎಣ್ಣೆ ಜಾಸ್ತಿ ಆಯ್ತು ಕಣೇ" ಎಂದಳು. ನಾನು ಒಲೆಯ ಮುಂದೆ ಪ್ರಾರ್ಥನೆ ಗೊಣಗಿದರೆ, "ಪಂಡಿತಮ್ಮಾ, ನಿನ್ನ ಲ್ಯಾಟಿನ್ ಕೇಳಿ ಸಾರು ಉಕ್ತಾ ಇದೆ ನೋಡು!" ಎಂದು ಈಗಲೂ ಛೇಡಿಸುತ್ತಾಳೆ. ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಬಟಾಣಿ ಬಿಡಿಸುತ್ತ ಕೂತ ಆ ದಿನ ನಿನಗೆ ನೆನಪಿದೆಯೇ? ಪ್ರತಿ ಶುಕ್ರವಾರದ ಸಭೆಯಲ್ಲಿ ತಪ್ಪೊಪ್ಪಿಕೊಂಡು ನೆಲಕ್ಕೆ ಬೋರಲು ಮಲಗುವುದಕ್ಕೆ ನಾವು ವೇನಿಯಾ ಎನ್ನುತ್ತೇವಲ್ಲ, ಮಠಕ್ಕೆ ಬಂದು ಇಪ್ಪತ್ತೆಂಟು ವರ್ಷ ಆ ಪದಕ್ಕೆ ಮಲಗುವುದೆಂದೇ ಅರ್ಥ ಅಂದುಕೊಂಡಿದ್ದೆ. ನೀನು ನಕ್ಕೆ.

"ಅಲ್ಲಕ್ಕಾ, ಲ್ಯಾಟಿನ್‌ನಲ್ಲಿ ವೇನಿಯಾ ಅಂದ್ರೆ ಕ್ಷಮೆ. ಹೆಣ್ಣು ಪದ. ಕ್ಷಮೆಯ ಅನ್ನೋಕೆ ವೇನಿಯೆ, ಕ್ಷಮೆಯನ್ನು ಅನ್ನೋಕೆ ವೇನಿಯಾಮ್. ಕೆಲಸಕ್ಕೆ ತಕ್ಕ ಹಾಗೆ ಬಾಲ ಬದಲಾಯಿಸುತ್ತೆ."

"ಕ್ಷಮೆಗೂ ಬಾಲ ಇದೆಯೇನೇ?" ಎಂದೆ. ನೀನು ಏಕವಚನಕ್ಕೊಂದು ಸಾಲು, ಬಹುವಚನಕ್ಕೊಂದು ಸಾಲು ಬಟಾಣಿ ಜೋಡಿಸಿ, ಹಿಟ್ಟಿನ ಚೀಲದ ಕಾಗದದ ಮೇಲೆ ಎಲ್ಲವನ್ನೂ ಬರೆದುಕೊಟ್ಟೆ.

ಆ ಕಾಗದ ಹೇಗೋ ಮದರ್ ಸುಪೀರಿಯರ್ ಕೈ ಸೇರಿತು. ನಿನ್ನಂಥ ಹಾಡುವ ಸಿಸ್ಟರುಗಳು ನನ್ನಂಥ ಅಡುಗೆಮನೆಯವರ ಜೊತೆ ಮಾತಾಡಕೂಡದೆಂಬ ನಿಯಮ. ಶುಕ್ರವಾರದ ಸಭೆಯಲ್ಲಿ, "ಮೌನ ಮುರಿದೋರು ಯಾರು?" ಎಂದು ಮದರ್ ಕೇಳಿದಾಗ, ನನ್ನ ಹೆಸರೆತ್ತದೆ ನೀನೊಬ್ಬಳೇ ನೆಲಕ್ಕೆ ಮಲಗಿದೆ. ವಾರದೊಳಗೆ ನಿನ್ನನ್ನು ಆ ಹಿಮದ ಬೆಟ್ಟದ ಮಠಕ್ಕೆ ಕಳಿಸಿದರು. ಈಗ ಕೆಮ್ಮಿನಿಂದ ಹಾಡಲಾಗುತ್ತಿಲ್ಲ ಎಂದು ಬರೆದಿದ್ದೀಯೆ. ಅದನ್ನು ಓದಿದಾಗಿನಿಂದ ನಿನ್ನ ದನಿಯಿಲ್ಲದ ಸಂಜೆಪ್ರಾರ್ಥನೆ ನನಗೆ ಉಪ್ಪಿಲ್ಲದ ಗಂಜಿ.

ಜೇನುತುಪ್ಪ, ಒಣ ಅಂಜೂರ ಕಳಿಸುತ್ತಿದ್ದೇನೆ. ಬೆಚ್ಚಗಿರು. ಮಾತೆ ಮರಿಯಮ್ಮ ನಿನ್ನ ಎದೆಯ ಮೇಲೆ ಕೈಯಿಡಲಿ.

ನಿನ್ನ ಅಕ್ಕ,
ಸಿಸ್ಟರ್ ಗೌದೆನ್ಸಿಯಾ

ತಾ.ಕ.: ಹೇಗೋ ಕೈ ಸೇರಿತು ಎಂದು ಬರೆದದ್ದು ಸುಳ್ಳು. ಸಭೆಯ ಹಿಂದಿನ ದಿನ ಮದರ್‌ಗೆ ಆ ಬಟಾಣಿ ಪಾಠದ ಕಾಗದ ನನ್ನ ಜೇಬಿನಲ್ಲಿ ಸಿಕ್ಕಿತು. ಮದರ್ ಕೇಳಿದಾಗ, "ಅವಳೇ ಬಂದು ಹೇಳಿಕೊಟ್ಟಳು, ನಾನು ಬೇಡ ಅಂದೆ" ಎಂದುಬಿಟ್ಟೆ. ಕಲಿಸು ಎಂದು ತಿಂಗಳುಗಟ್ಟಲೆ ಗೋಗರೆದವಳು ನಾನು. ನೀನು ನೆಲದ ಮೇಲಿದ್ದಾಗ ನಾನು ನಿಂತೇ ಇದ್ದೆ. ಇಲ್ಲಿಂದ ಹೊರಡುವ ಪ್ರತಿ ಕಾಗದವನ್ನೂ ಮದರ್ ಓದುತ್ತಾರೆಂದು ನಿನಗೆ ಗೊತ್ತು. ಇದನ್ನು ಅಂಟಿಸದೆ ಅವರ ಮೇಜಿನ ಮೇಲಿಡುತ್ತೇನೆ. ನಾಳೆ ಶುಕ್ರವಾರ.