ಜ್ವರಕ್ಕೆ ಉದುರಿದ ಕೂದಲು

ಮಾರ್ಚ್ ೯, ಭಾನುವಾರ

ಅಮ್ಮಾ,

ನಮಸ್ಕಾರ. ನೀನು ಕಳಿಸಿದ ಎಣ್ಣೆ ಬಾಟಲಿ, ಕಾಗದ ಎರಡೂ ಬಂದು ಸುಮಾರು ದಿನ ಆಯ್ತು. ಉತ್ತರ ಬರೆಯೋದು ತಡವಾಯ್ತು, ಬೇಜಾರು ಮಾಡ್ಕೋಬೇಡ. ಬಿಡುವಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಸಿಟ್ಟಿತ್ತು. ಇಳಿದ ಮೇಲೆ ಬರೆಯೋಣ ಅಂತ ಕಾದೆ, ಅದು ಇಳಿಯೋ ಹಾಗೆ ಕಾಣಲ್ಲ. ಅಪ್ಪನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂದರೆ ಕೇಳ್ತಾರಾ ಅವರು?

ಕೂದಲು ಇನ್ನೂ ಉದುರ್ತಾನೇ ಇದೆ. ಬಾಚಿದರೆ ಬಾಚಣಿಗೆ ತುಂಬ, ಸ್ನಾನ ಮಾಡಿದರೆ ಬಚ್ಚಲ ಜಾಲರಿ ತುಂಬ, ಎದ್ದರೆ ದಿಂಬಿನ ಮೇಲೆ. ಅತ್ತೆ ಪೊರಕೆ ಹಿಡ್ಕೊಂಡು ನನ್ನ ಹಿಂದೆ ಹಿಂದೇನೇ ಓಡಾಡ್ತಾರೆ. ಬಾಯಿಬಿಟ್ಟು ಏನೂ ಅನ್ನಲ್ಲ, ಅನ್ನೋದೆಲ್ಲ ಆ ಪೊರಕೆಯೇ. ಪಕ್ಕದ ಮನೆಯಾಕೆ ಈರುಳ್ಳಿ ರಸ ಹಚ್ಚು ಅಂದರು, ಹಚ್ಚಿದೆ. ಕೂದಲು ನಿಲ್ಲಲಿಲ್ಲ, ಬಸ್ಸಲ್ಲಿ ಪಕ್ಕ ಕೂತವರು ಎದ್ದು ಹೋದರು ಅಷ್ಟೇ. ಬೇಕರಿಯಲ್ಲಂತೂ ಕೇಳಲೇಬೇಡ. ಯಾರೋ ಗಿರಾಕಿ ಬ್ರೆಡ್ಡಿನೊಳಗಿಂದ ಇಷ್ಟುದ್ದ ಕೂದಲು ಎಳೆದು ತೋರಿಸಿದರಂತೆ. ಮಾಲೀಕರು ಎಲ್ಲರೆದುರಿಗೇ, "ಬ್ರೆಡ್ ಮಾರೋ ಅಂಗಡಿ ಕಣಮ್ಮಾ ಇದು, ಜಡೆ ಮಾರೋದಲ್ಲ" ಅಂದರು. ಹಿಟ್ಟು ನಾದೋರೆಲ್ಲ ಕಿಸಕ್ಕಂತ ನಕ್ಕರು. ಈಗ ನನ್ನನ್ನು ಬ್ರೆಡ್ ಕತ್ತರಿಸೋ ಮೇಜಿಂದ ತೆಗೆದು ಹಿಂದಿನ ಕೋಣೆಯಲ್ಲಿ ಟ್ರೇ ತೊಳೆಯೋಕೆ ಹಾಕಿದ್ದಾರೆ.

ಸರಿ, ಚರ್ಮದ ಡಾಕ್ಟರ ಹತ್ತಿರ ಹೋದೆ. ನಿನ್ನ ಅಳಿಯನೂ ಜೊತೆಗೆ ಬಂದಿದ್ದರು. ಆ ಡಾಕ್ಟರಮ್ಮ ಏನು ಕೆಲಸ, ತಲೆಗೆ ಏನೇನು ಹಚ್ಚಿದ್ದೀರಿ ಅಂತೆಲ್ಲ ಕೇಳ್ಕೊಂಡು, ನನ್ನ ಬೈತಲೆ ಬಿಡಿಸಿ ನೋಡಿ, ಒಂದು ಚಿಟಿಕೆ ಕೂದಲು ಮೆಲ್ಲಗೆ ಎಳೆದು ನೋಡಿ, "ಮೂರು ತಿಂಗಳ ಹಿಂದೆ ಏನಾಗಿತ್ತು?" ಅಂತ ಕೇಳಿದರು.

"ಏನಿಲ್ಲ ಮೇಡಂ, ಸ್ವಲ್ಪ ಜ್ವರ." ನಾನು ಬಾಯಿ ತೆರೆಯೋದ್ರೊಳಗೆ ಇವರು ಹೇಳಿಬಿಟ್ಟರು.

ಮೈಯೆಲ್ಲ ಉರಿದುಹೋಯ್ತಮ್ಮಾ. "ಜ್ವರ ಅಲ್ಲ, ಹೆರಿಗೆ" ಅಂದೆ. "ಏಳು ತಿಂಗಳಿಗೇ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣುಮಗು. ಉಳೀಲಿಲ್ಲ." ಹೊರಗೆ ಕಾಯ್ತಿದ್ದವರಿಗೂ ಕೇಳಿಸಿರಬೇಕು. ಕೇಳಿಸಲಿ! ಇವರು ಫ್ಯಾನ್ ನೋಡ್ತಾ ಕೂತರು.

ಡಾಕ್ಟರಮ್ಮ ಬರೆಯೋದು ನಿಲ್ಲಿಸಿ ಬಿಡಿಸಿ ಹೇಳಿದರು. ಒಂದೊಂದು ಕೂದಲಿಗೂ ಅದರದ್ದೇ ಸರದಿ ಇರುತ್ತಂತೆ. ಕೆಲವು ವರ್ಷ ಬೆಳೆಯುತ್ತೆ, ಆಮೇಲೆ ಬೆಳೆಯೋದು ನಿಲ್ಲಿಸಿ ಎರಡು ಮೂರು ತಿಂಗಳು ಸುಮ್ಮನೆ ಇರುತ್ತೆ, ಕೊನೆಗೆ ಉದುರುತ್ತೆ, ಅದೇ ಬುಡದಿಂದ ಹೊಸದು ಬರುತ್ತೆ. ದಿನಾ ಒಂದಷ್ಟು ಎಲ್ಲರಿಗೂ ಉದುರೋದೇ. "ನಿಮ್ಮ ಬೇಕರಿಯಲ್ಲಿ ಸರದಿ ಮೇಲೆ ರಜೆ ತಗೊಳ್ತೀರಲ್ಲ, ಹಾಗೆ. ಮೈಗೆ ದೊಡ್ಡ ಪೆಟ್ಟು ಬಿದ್ದರೆ ಎಷ್ಟೋ ಕೂದಲು ಒಟ್ಟಿಗೇ ರಜೆ ಹಾಕಿಬಿಡುತ್ತವೆ. ಅವತ್ತು ಗೊತ್ತಾಗಲ್ಲ, ತಿಂಗಳುಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಬುಡ ಸತ್ತಿಲ್ಲಮ್ಮ, ವಾಪಸ್ ಬರುತ್ತೆ. ಎಣ್ಣೆ, ಈರುಳ್ಳಿ ಎಲ್ಲ ಬಿಟ್ಟು ಚೆನ್ನಾಗಿ ಊಟ ಮಾಡಿ" ಅಂದರು. ರಕ್ತಪರೀಕ್ಷೆಗೂ ಬರೆದುಕೊಟ್ಟರು.

ಹೊರಗೆ ಬಂದ ಮೇಲೆ ಇವರು, "ಅದನ್ನೆಲ್ಲ ಅಲ್ಲಿ ಯಾಕೆ ತೆಗೆದೆ? ಮರೆತುಬಿಡು ಇನ್ನ" ಅಂದರು. ಬಸ್ ಸ್ಟಾಪಲ್ಲೇ ಜಗಳಕ್ಕೆ ನಿಂತೆ. "ನನ್ನ ತಲೆಗೂದಲೇ ಮರೆತಿಲ್ಲ, ನೀವು ಹೇಗ್ರೀ ಮರೆತ್ರಿ?" ಅಂತ ಕೂಗಾಡಿದೆ. ಪಾಪ, ಅವರೂ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಬಸ್ ಬರೋ ಹೊತ್ತಿಗೆ ಅವರ ಮೇಲಿನ ಸಿಟ್ಟು ಇಳೀತು.

ಇಳೀದೇ ಇರೋದು ನಿನ್ನ ಮೇಲಿಂದು. ಆಸ್ಪತ್ರೆಯಲ್ಲಿ "ಯಾರು ಕೇಳಿದರೂ ಜ್ವರ ಅನ್ನಿ" ಅಂತ ಶುರು ಮಾಡಿದ್ದೇ ನೀನು. ಅತ್ತೆ ಹೂಂ ಅಂದರು. ನಮ್ಮ ಬೀದಿಯವರೆಲ್ಲ ನನ್ನ ಹೊಟ್ಟೆ ಕಣ್ಣಾರೆ ನೋಡಿದವರು, ಅವರೂ ಈಗ "ಜ್ವರ ಪೂರ್ತಿ ಬಿಟ್ಟಿತಾ?" ಅಂತಾರೆ! ಹೋಗಲಿ, ಊರಿಗೆ ಜ್ವರ. ಎಣ್ಣೆ ಜೊತೆ ನನಗೆ ಬರೆದ ಕಾಗದದಲ್ಲೂ "ಜ್ವರ ಬಂದು ಹೋದ ಮೇಲೆ ಕೂದಲು ಉದುರೋದು ಸಹಜ ಕಣೇ" ಅಂತ ಬರೆದಿದ್ದೀಯಲ್ಲ! ನೀನು ಬರೆದು ನಾನೊಬ್ಬಳೇ ಓದೋ ಕಾಗದ. ಅಲ್ಲಿ ಯಾರಿಗಮ್ಮ ಹೆದರಿದೆ?

ಆಶೀರ್ವಾದ ಕೇಳದೇ ಮುಗಿಸಬೇಕು ಅಂದ್ಕೊಂಡಿದ್ದೆ, ಕೈ ಬರಲಿಲ್ಲ. ಅಪ್ಪನಿಗೂ ನಿನಗೂ ನಮಸ್ಕಾರ. ನೀವಿಬ್ಬರೂ ಚೆನ್ನಾಗಿರಿ. ಅಲ್ಲಿಂದಲೇ ನನ್ನ ತಲೆ ಮೇಲೆ ಕೈಯಿಡು, ಕೂದಲು ಕೈಗೆ ಬಂದರೆ ಬರಲಿ.

ನಿನ್ನ
ಗುಂಗುರಿ

ತಾ.ಕ.: ಒಂದು ವಿಷಯ ಬರೆಯೋದು ಬಿಟ್ಟಿದ್ದೆ. ಬಾಗಿಲವರೆಗೂ ಹೋದವಳು ವಾಪಸ್ ಬಂದು, ಹೊಟ್ಟೆಯೊಳಗಿನ ಮಗುವಿಗೆ ಕೂದಲು ಯಾವಾಗ ಬರುತ್ತೆ ಅಂತ ಡಾಕ್ಟರಮ್ಮನ್ನ ಕೇಳಿದೆ. ಏಳು ತಿಂಗಳಿಗೆಲ್ಲ ಬಂದಿರುತ್ತೆ, ಕೆಲವು ಮಕ್ಕಳಿಗೆ ತಲೆ ತುಂಬ ಇರುತ್ತೆ ಅಂದರು. ನನಗೆ ಮಂಪರು ಇಳಿಯೋದ್ರೊಳಗೆ ನೀವೆಲ್ಲ ಸೇರಿ ಎಲ್ಲ ಮುಗಿಸಿಬಿಟ್ಟಿರಿ. ಅವಳನ್ನ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡವಳು ನೀನೊಬ್ಬಳೇ. ನಾನು ಹುಟ್ಟಿದಾಗಲೇ ತಲೆ ತುಂಬ ಗುಂಗುರು ಇತ್ತು ಅಂತ ಬಂದವರಿಗೆಲ್ಲ ಹೇಳ್ಕೊಂಡು ಓಡಾಡಿದವಳೂ ನೀನೇ. ಈ ಸಲ ಎಣ್ಣೆ ಕಳಿಸಬೇಡ. ಜ್ವರ ಅಂತ ಬರೀಬೇಡ. ಅವಳ ಕೂದಲು ಹೇಗಿತ್ತು, ಅಷ್ಟು ಬರಿ.