ದಪ್ಪ ಅವಲಕ್ಕಿಯ ವಿಚಾರ

ಬಿಜೂರು
೧೬ ಜೂನ್ ೨೦೨೫

ಚಿ. ವನಜಳಿಗೆ ಅಪ್ಪಯ್ಯನ ಆಶೀರ್ವಾದಗಳು.

೧. ಬರೆಯುವವನು: ಬಿಜೂರಿನ ಚಂದ್ರ, ವಯಸ್ಸು ಎಪ್ಪತ್ತೆಂಟು, ನಲವತ್ತು ವರ್ಷ ಊರವರ ಅರ್ಜಿಗಳನ್ನು ಬರೆದವನು.
೨. ವಿಷಯ: ನಿನ್ನ ಮಗಳು ಮೋಕ್ಷಿತಾ, ವಯಸ್ಸು ಹತ್ತು, ಮುಂಬೈಯಿಂದ ಇಲ್ಲಿಗೆ ಬಂದು ಇಂದಿಗೆ ಹದಿನೆಂಟು ದಿನ.
೩. ನಿನ್ನ ಕೋರಿಕೆ: ನೀನು ಆಸ್ಪತ್ರೆಯ ರಾತ್ರಿ ಪಾಳಿಗೆ ಸೇರಿದ್ದರಿಂದ ಮಗುವನ್ನು ಇಲ್ಲಿನ ಶಾಲೆಗೆ ಸೇರಿಸತಕ್ಕದ್ದು.

ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ಮೂರು ಸಲ ಬರೆದು ಹರಿದೆ. ಎರಡು ಸಲ ಶಾಲೆಗೆ ಹೊರಟವನು ಗೇಟಿನಿಂದಲೇ ಹಿಂದಿರುಗಿದೆ.

ಮೊದಲ ವಾರ ಮಗು ಕುಚ್ಚಲಕ್ಕಿ ಅನ್ನವನ್ನು ಬೆರಳಿನಿಂದ ಸರಿಸುತ್ತ ಕುಳಿತಿರುತ್ತಿತ್ತು. ರಿಕ್ಷಾದ ಸದ್ದು ಕೇಳಿದರೆ ಅಂಗಳಕ್ಕೆ ಓಡುತ್ತಿತ್ತು. ಎಂಟನೆಯ ದಿನ, ತಾನೇ ಪೋಹೆ, ಅಂದರೆ ಮುಂಬೈಯ ಒಗ್ಗರಣೆ ಅವಲಕ್ಕಿ, ಮಾಡುವುದಾಗಿ ಹೇಳಿ ಅವಲಕ್ಕಿ ಕೇಳಿತು. ಮನೆಯಲ್ಲಿದ್ದುದು ಕಾಯಿ, ಬೆಲ್ಲ ಹಾಕಿ ಕಲಸುವ ತೆಳು ಅವಲಕ್ಕಿ, ಅದನ್ನೇ ಕೊಟ್ಟೆ. ತೊಳೆದದ್ದೇ ಅದು ಅಂಟುಮುದ್ದೆಯಾಯಿತು.

"ಅವಲಕ್ಕಿಗೆ ಯಾರಾರೂ ನೀರ್ ಹೊಯ್ತ್ರಾ?" ಎಂದು ಗದರಿದೆ.

"ಅಮ್ಮ ಮಾಡ್ದಾಂಗ್ ಆಯ್ಲಿಲ್ಲ" ಎಂದು ಮಗು ಬಿಕ್ಕಿ ಅತ್ತಿತು.

ಪಕ್ಕದ ಮನೆಯ ಜಲಜ ಬೇಲಿಯಾಚೆಯಿಂದಲೇ ನನ್ನನ್ನು ತರಾಟೆಗೆ ತೆಗೆದುಕೊಂಡಳು: "ಹ್ವಾಯ್ ಚಂದ್ರಣ್ಣ, ಊರಿಗೆಲ್ಲ ಅರ್ಜಿ ಬರದ್ರಿ, ದಪ್ಪ ಅವಲಕ್ಕಿ ಬೇರೆ ಅಂದೇಳಿ ಗೊತ್ತಿಲ್ಯಾ ನಿಮ್ಗೆ?"

ಆ ಕೂಡಲೇ ಬೈಂದೂರಿಗೆ ಹೋಗಿ ದಪ್ಪ ಅವಲಕ್ಕಿ ತಂದೆ. ಈರುಳ್ಳಿಯನ್ನೂ ನಾನೇ ಹೆಚ್ಚಿದೆ.

"ಅಜ್ಜಯ್ಯ, ಇಷ್ಟ್ ದೊಡ್ಡ್ ತುಂಡ್ ಎಂತಕೆ? ದನಕ್ಕೆ ಹಾಕುಕಾ?" ಎಂದು ಮಗು ಇಲ್ಲಿಗೆ ಬಂದ ಮೇಲೆ ಮೊದಲ ಸಲ ನಕ್ಕಿತು. ಬಾಣಲೆಯ ಮುಂದೆ ನಿಂತಷ್ಟು ಹೊತ್ತು ಅದಕ್ಕೆ ನೆಮ್ಮದಿ.

ಆದರೆ ನಿನ್ನೆ ಮೂರು ತಟ್ಟೆ ಇಟ್ಟಿತು. ಮೂರನೆಯದಕ್ಕೆ ಮುಚ್ಚಳ ಮುಚ್ಚಿ, "ಅಮ್ಮ ಡ್ಯೂಟಿ ಮುಗ್ಸಿ ಬಪ್ಪತಿಗೆ ತಣ್ಣಗಾತ್ತಲ್ದಾ?" ಎಂದಿತು.

ಆದಕಾರಣ ಶಾಲೆಯ ಕಾಗದಕ್ಕೆ ನಾನು ಸಹಿ ಹಾಕಿರುವುದಿಲ್ಲ. ನೀನು ಒಮ್ಮೆ ಬಂದು, ಇಲ್ಲಿರುವೆಯಾ ಎಂದು ಮಗುವನ್ನೇ ಕೇಳು. ಒಲ್ಲೆನೆಂದರೆ ನಾನೂ ನಿಮ್ಮೊಡನೆ ಮುಂಬೈಗೆ ಬಂದು ರಾತ್ರಿ ಅದರ ಬಳಿ ಇರಲು ಸಿದ್ಧ.

ದೇವರು ನಿನ್ನನ್ನು ಆರೋಗ್ಯವಾಗಿ ಇಡಲಿ.

ವಿ.ಸೂ.: ನಿನ್ನ ತಾಯಿ ತೀರಿದ ವರ್ಷ, ನಿನ್ನ ಹತ್ತನೆಯ ವಯಸ್ಸಿಗೆ, ವಿದ್ಯಾಭ್ಯಾಸದ ಹೆಸರಿನಲ್ಲಿ ನಿನ್ನನ್ನು ಮುಂಬೈಯ ನನ್ನ ತಂಗಿಯ ಮನೆಗೆ ಕಳುಹಿಸಿದೆ. "ಅಪ್ಪಯ್ಯ, ನನ್ನ ಕರ್ಕಂಡ್ ಹೋಪುಕೆ ಬನ್ನಿ" ಎಂದು ನೀನು ಬರೆದೆ. ಮನವಿಗೆ ತಕ್ಕ ಕಾರಣ ನಮೂದಿಸಿಲ್ಲವೆಂದು ನಾನು ಉತ್ತರಿಸಿದೆ. ಕಾರಣ ಮುಚ್ಚಿಟ್ಟವನು ನಾನು. ನಿನ್ನದು ನಿನ್ನ ತಾಯಿಯದೇ ಮುಖ, ವನಜ. ನೋಡಲಾರದೆ ಕಳುಹಿಸಿದೆ.

ಇಂತಿ ನಿನ್ನ ಅಪ್ಪಯ್ಯ,
(ಸಹಿ) ಚಂದ್ರ

ಅಡಕ: ನಿನ್ನ ಆ ಪತ್ರ, ಮೂಲ ಪ್ರತಿ, ಒಂದು.