ಹಾಲಿಸ್ ರಸ್ತೆ ದಾಟಿದ ಬೆಳಿಗ್ಗೆ

ಫಾರ್ಮಿಂಗ್ಟನ್ ಹಿಲ್ಸ್, ಮಿಷಿಗನ್
೨೯ ಸೆಪ್ಟೆಂಬರ್ ೧೯೭೪, ಭಾನುವಾರ

ಪ್ರೀತಿಯ ದ್ವಾರಕಣ್ಣಾ,

ನಿನಗೂ ಅತ್ತಿಗೆಗೂ ನಮಸ್ಕಾರ. ನಿನ್ನ ಬೆನ್ನುನೋವು ಹೇಗಿದೆ? ಲೆಸ್ಟರಿನ ಥಂಡಿಗೆ ಕೌಸಲ್ಯಾ ಅತ್ತಿಗೆಗೆ ಬರುವ ಕೆಮ್ಮು ಈ ಸಲವಾದರೂ ಬೇಗ ಬಿಡಲಿ. ಡಾಕ್ಟರ ಮನೆಯಲ್ಲೇ ಕೆಮ್ಮಿಗೆ ಔಷಧಿಯಿಲ್ಲವೇ ಎಂದು ಅಮ್ಮ ಮೈಸೂರಿನಿಂದ ನನಗೆ ಬರೆದು ಬೈಯುತ್ತಾಳೆ. ನಿನ್ನನ್ನು ಬೈಯಲು ಅವಳಿಗೆ ಧೈರ್ಯವಿಲ್ಲ. ಇಲ್ಲಿ ನಾವು ಮೂವರೂ ಆರೋಗ್ಯ. ಮಂಜರಿ ಕಿಂಡರ್‌ಗಾರ್ಟನ್ ಸೇರಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ನಿನ್ನ ಕಾಗದ ನಿನ್ನೆ ಬಂತು. ಅಕ್ಟೋಬರ್ ಹತ್ತನೇ ತಾರೀಖು ಮತ್ತೆ ಚುನಾವಣೆ, ನೀನು ಓಟು ಹಾಕುವುದಿಲ್ಲ ಎಂದು ಬರೆದಿದ್ದೀಯ. "ಇವರೂ ಅಷ್ಟೇ, ಅವರೂ ಅಷ್ಟೇ. ಪೇಪರಿನವರು ತಮ್ಮ ತಮ್ಮ ಪಾರ್ಟಿಗೋಸ್ಕರ ಸುಳ್ಳು ಬರೀತಾರೆ, ನಾವು ದುಡ್ಡು ಕೊಟ್ಟು ಓದ್ತೀವಿ" ಎಂಬ ಮಾತನ್ನು ಎರಡು ಸಲ ಓದಿದೆ. ಕೋಪದ ಮಾತಾಗಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ಅದರಲ್ಲಿ ಸುಸ್ತು ಕಾಣಿಸಿತು. ಗಣಿ ಕಾರ್ಮಿಕರ ಮುಷ್ಕರದಿಂದ ವಾರಕ್ಕೆ ಮೂರೇ ದಿನ ಫ್ಯಾಕ್ಟರಿ ನಡೆಯುತ್ತಿದ್ದ ಈ ಫೆಬ್ರವರಿಯಲ್ಲಿ ನೀನು ಹೀಗಿರಲಿಲ್ಲ. ನಿನ್ನ ರೋಗಿಗಳಲ್ಲಿ ಗಣಿಯವರೇ ಹೆಚ್ಚು, ನೀನು ಲೇಬರ್ ಪಾರ್ಟಿಯ ಪರ. ನಮ್ಮ ಚಂದ್ರಮೌಳಿ ಕೊವೆಂಟ್ರಿಯ ಕಾರು ಕಾರ್ಖಾನೆಯಲ್ಲಿ ಅರ್ಧ ಸಂಬಳಕ್ಕೆ ಇಳಿದಿದ್ದ, ಅವನು ಯೂನಿಯನ್ನುಗಳಿಗೆ ಶಾಪ ಹಾಕುತ್ತಿದ್ದ. ಅವನ ಮನೆಯಲ್ಲಿ ಅವನು ತನ್ನ ಪೇಪರ್ ತೆರೆದ, ನೀನು ನಿನ್ನ ಪೇಪರಿನ ಮಾತು ಹೇಳಿದೆ, ಅವನ ಹೆಂಡತಿ ಪದ್ಮ ಸಾರು ಬಡಿಸುತ್ತಿದ್ದಂತೆಯೇ ನೀನು ತಟ್ಟೆ ಬಿಟ್ಟು ಎದ್ದೆ. ಈ ಕಥೆಯನ್ನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಈಗ ನಿನಗೆ ಆ ಪಾರ್ಟಿಯೂ ಬೇಡ, ಆ ಪೇಪರೂ ಬೇಡ. ಜಗಳ ಮಾತ್ರ ಉಳಿದಿದೆ.

ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ಇಲ್ಲಿ ನೋಡಿದ್ದೊಂದನ್ನು ಹೇಳುತ್ತೇನೆ, ಕೇಳು.

ನಮ್ಮ ಪಕ್ಕದ ಮನೆಯ ಹೆರಾಲ್ಡ್ ಹಾಲಿಸ್ ಎಪ್ಪತ್ತರ ಹತ್ತಿರದ ಮನುಷ್ಯ, ಅಧ್ಯಕ್ಷರ ಪಾರ್ಟಿಯವರು. ಎರಡು ವರ್ಷದ ಹಿಂದಿನ ಚುನಾವಣೆಯಲ್ಲಿ ಅವರ ಹುಲ್ಲುಹಾಸಿನ ಮೇಲೆ ಅಧ್ಯಕ್ಷರ ಹೆಸರಿನ ಫಲಕ ನಿಂತಿತ್ತು. ಎದುರುಮನೆಯ ವಿಧವೆ, ಟೀಚರ್ ಮಿಸೆಸ್ ಕೋವಾಲ್ಸ್ಕಿ ಎದುರು ಪಕ್ಷದವರು. ಅಧ್ಯಕ್ಷರ ಕಡೆಯವರು ಎದುರು ಪಕ್ಷದ ಕಚೇರಿಗೆ ಕನ್ನ ಹಾಕಿ ಸಿಕ್ಕಿಬಿದ್ದಿದ್ದಾರೆ, ಇದು ಮೇಲಿನವರೆಗೂ ಹೋಗುತ್ತದೆ ಎಂದು ಆಕೆ ಹೇಳಿದ್ದಕ್ಕೆ ಹಾಲಿಸ್, "ಆ ಹೆಂಗಸು ಸುಳ್ಳಿ, ಅವಳು ಓದೋ ಪೇಪರ್ ಅವಳಿಗಿಂತ ಸುಳ್ಳು" ಎಂದು ಬೀದಿಗೆಲ್ಲ ಸಾರಿದ್ದರು. ಆಕೆ ಇವರ ಮುಖ ನೋಡುವುದನ್ನೇ ಬಿಟ್ಟರು.

ಈ ಜುಲೈನಲ್ಲಿ ನಮ್ಮ ಟಿವಿ ಕೆಟ್ಟಿತು. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರ ಮೇಲೆ ನಡೆದ ವಿಚಾರಣೆಯನ್ನು ನೇರವಾಗಿ ತೋರಿಸುತ್ತಿದ್ದರು. ನಮ್ಮ ಮನೆಯವರು ಕೆಲಸಕ್ಕೆ ಹೋದ ಮೇಲೆ ನಾನೂ ಮಂಜರಿಯೂ ಹಾಲಿಸರ ಮನೆಯಲ್ಲಿ ಕೂತು ನೋಡುತ್ತಿದ್ದೆವು. ಅಷ್ಟರಲ್ಲಿ ಅವರು ಪೇಪರ್ ತರಿಸುವುದನ್ನೇ ನಿಲ್ಲಿಸಿದ್ದರು, ಯಾರನ್ನೂ ನಂಬುತ್ತಿರಲಿಲ್ಲ, ನಿನ್ನ ಹಾಗೆಯೇ. ಆದರೆ ಅವರು ಟಿವಿ ಆರಿಸಲಿಲ್ಲ. ವಿಚಾರಣಾ ಸಮಿತಿಯ ಸದಸ್ಯರು ಮಾತನಾಡುವಾಗ ಮುಂದಕ್ಕೆ ಬಾಗಿ ಕೇಳುವರು. ವ್ಯಾಖ್ಯಾನ ಹೇಳುವವರು ಬಂದರೆ ಎದ್ದುಹೋಗಿ ಶಬ್ದ ಇಳಿಸುವರು. "ನನಗೆ ಕಿವಿ ಇದೆ, ನಾನೇ ಕೇಳ್ತೀನಿ" ಎನ್ನುವರು. ಆಗಸ್ಟಿನಲ್ಲಿ, ಆ ಕನ್ನದ ವಿಷಯ ಮುಚ್ಚಿಹಾಕಲು ಹೇಳುವ ಅಧ್ಯಕ್ಷರದೇ ಧ್ವನಿಯಿದ್ದ ಟೇಪಿನ ಮಾತುಗಳು ಅಚ್ಚಾಗಿ ಬಂದಾಗ ಅಂಗಡಿಗೆ ಹೋಗಿ ಪೇಪರ್ ಕೊಂಡು ತಂದರು. ಓದುತ್ತಾ ಓದುತ್ತಾ ಅವರ ಮುಖ ಮನೆಯಲ್ಲಿ ಸಾವಾದವರ ಮುಖದಂತಾಯಿತು. ಅವರ ಹೆಂಡತಿ ಅವರ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಮಂಜರಿಯನ್ನು ಕರೆದುಕೊಂಡು ಮೆಲ್ಲಗೆ ಹೊರಟುಬಂದೆ.

ಅದೇ ವಾರದ ಗುರುವಾರ ಅಧ್ಯಕ್ಷರು ರಾಜೀನಾಮೆ ಘೋಷಿಸಿದರು. ಸೈನ್ಯ ಬರಲಿಲ್ಲ, ಗುಂಡು ಹಾರಲಿಲ್ಲ, ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದ. ಅದೇ ನನಗೆ ದೊಡ್ಡ ಬೆರಗು ಎಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದು ಇನ್ನೂ ಬರುವುದಿತ್ತು.

ಆ ಶುಕ್ರವಾರ ಬೆಳಿಗ್ಗೆ ನಾನು ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಂತಿದ್ದೆ. ಹಾಲಿಸ್ ಚರ್ಚಿಗೆ ಹೋಗುವ ಸೂಟು, ಟೈ ಹಾಕಿಕೊಂಡು ಹೊರಬಂದರು. ಕಾರು ಹತ್ತಲಿಲ್ಲ. ನಡೆದು ರಸ್ತೆ ದಾಟಿದರು. ಮಿಸೆಸ್ ಕೋವಾಲ್ಸ್ಕಿ ಗಿಡಗಳಿಗೆ ನೀರು ಬಿಡುತ್ತಿದ್ದರು. ಆಚೀಚೆ ಮನೆಯವರೂ ಹೊರಗಿದ್ದರು. ಹಾಲಿಸ್ ದನಿ ತಗ್ಗಿಸಲಿಲ್ಲ. ಬೀದಿಗೆ ಕೇಳುವ ಹಾಗೆ ಬೈದಿದ್ದರಲ್ಲ, ಬೀದಿಗೆ ಕೇಳುವ ಹಾಗೆಯೇ ಹೇಳಿದರು: "ನಿಮ್ಮನ್ನ ಸುಳ್ಳಿ ಅಂದೆ. ಮೋಸ ಹೋಗಿದ್ದು ನಾನು. ತಪ್ಪಾಯ್ತು." ಆಕೆ ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಉಡುಪಿಗೆ ಒರೆಸಿಕೊಂಡು, ಅವರ ತೋಳು ಹಿಡಿದರು. "ಗೆದ್ದೆ ಅಂತ ನನಗೂ ಖುಷಿ ಇಲ್ಲ, ಹೆರಾಲ್ಡ್. ಒಳಗೆ ಬಾ, ಕಾಫಿ ಇದೆ" ಎಂದರು.

ಅಣ್ಣಾ, ನನ್ನ ಕೈ ತಾನಾಗಿ ಮುಗಿದುಹೋಗಿತ್ತು. "ವೈ ಆರ್ ಯು ಪ್ರೇಯಿಂಗ್, ಅಮ್ಮಾ?" ಎಂದು ಮಂಜರಿ ಕೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಒಂದು ದೇಶದ ಅಧ್ಯಕ್ಷರು ಇಳಿದದ್ದನ್ನು ಜಗತ್ತೆಲ್ಲ ನೋಡಿತು. ಒಬ್ಬರು ಮುದುಕರು ರಸ್ತೆ ದಾಟಿದ್ದನ್ನು ನಾವು ಐದಾರು ಜನ ನೋಡಿದೆವು. ನನ್ನ ಮೈ ಇನ್ನೂ ಜುಮ್ಮೆನ್ನುತ್ತದೆ.

ಎಲ್ಲ ಸರಿಹೋಯಿತು ಎಂದಲ್ಲ. ಈ ತಿಂಗಳು ಹೊಸ ಅಧ್ಯಕ್ಷರು ಹಳಬರಿಗೆ ಕ್ಷಮಾದಾನ ಕೊಟ್ಟರು, ಬೀದಿಯಲ್ಲಿ ಮತ್ತೆ ಸಿಟ್ಟು. ಹಾಲಿಸರಿಗೂ ಸಿಟ್ಟು. ಆದರೂ ನವೆಂಬರಿನಲ್ಲಿ ಓಟು ಹಾಕುತ್ತಾರಂತೆ, ಯಾರಿಗೆಂದು ಇನ್ನೂ ಗೊತ್ತಿಲ್ಲವಂತೆ. ಹಸಿರು ಕಾರ್ಡಿನವಳು ನಾನು, ನನಗೆ ಇಲ್ಲಿ ಓಟಿಲ್ಲ. ನಿನಗಲ್ಲಿ ಇದೆ. ಯಾರಿಗೆ ಹಾಕಬೇಕೆಂದು ನಾನು ಹೇಳುವುದಿಲ್ಲ, ಯಾವ ಪೇಪರೂ ಹೇಳುವುದು ಬೇಡ.

ಅತ್ತಿಗೆಗೆ ಬಿಸಿನೀರು ಬಿಟ್ಟು ಬೇರೆ ಕುಡಿಸಬೇಡ. ಇವರು ನಿನಗೆ ನಮಸ್ಕಾರ ತಿಳಿಸಿದ್ದಾರೆ. ನಿನ್ನ ಆಶೀರ್ವಾದ ಮಂಜರಿಯ ಮೇಲಿರಲಿ.

ನಿನ್ನ ತಂಗಿ,
ಪ್ರಭಾ

ಏರೋಗ್ರಾಮ್ ಮಡಚುವ ಮೊದಲು ಒಂದು ಮಾತು: ಚಂದ್ರಮೌಳಿಗೆ ಮಗಳು ಹುಟ್ಟಿ ಮೂರು ವಾರವಾಯಿತು. ಪದ್ಮ, ಮಗು ಇಬ್ಬರೂ ಕ್ಷೇಮ. "ಅಣ್ಣನಿಗೆ ಹೇಳಬೇಡ, ಅವನಾಗೇ ಬರಬೇಕು" ಎಂದಿದ್ದ. ಇನ್ನು ನನ್ನಿಂದ ತಡೆಯಲಾಗದು. ನಾಮಕರಣ ಯಾಕೆ ಮಾಡಿಲ್ಲವೋ ಎಂದು ಫೋನಿನಲ್ಲಿ ಕೇಳಿದೆ. "ಅಪ್ಪ ಇಲ್ವಲ್ಲ ಕಣೇ. ಹೆಸರು ಅಣ್ಣನೇ ಇಡ್ಲಿ" ಅಂದ.